ಗಂಟೆ ಹೊಡೆಯುವವನ ಪರೀಕ್ಷೆ

ಹೊಸಪೇಟೆಯ ನಮ್ಮ ಗಂಡುಮಕ್ಕಳ ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ಕನ್ನಡ ಕಲಿಸಿ ನಾನು ನಿವೃತ್ತನಾದೆ. ಅಷ್ಟು ವರ್ಷಗಳಲ್ಲಿ ಪರೀಕ್ಷೆಯ ಭಯಕ್ಕೆ ಬೆವೆತ ಎಷ್ಟೋ ಎಳೆಯ ಮುಖಗಳನ್ನು ನೋಡಿದ್ದೇನೆ. ಆದರೆ ಮೀಸೆ ನರೆತ ಮೇಲೆ ಹತ್ತನೆಯ ತರಗತಿಯ ಗಣಿತಕ್ಕೆ ಬೆವೆತವನನ್ನು ನೋಡಿದ್ದು ಒಬ್ಬನನ್ನೇ. ಅವನು ನಮ್ಮ ಶಾಲೆಯ ಜವಾನ ಹೊನ್ನೂರುಸ್ವಾಮಿ.

ಅವನದು ಕಂಪ್ಲಿಯ ಹತ್ತಿರದ ಒಂದು ಹಳ್ಳಿ. ತಂದೆ ಹುಲುಗಪ್ಪನವರು ಬೇರೆಯವರ ಗದ್ದೆಗಳಿಗೆ ನೀರು ಕಟ್ಟುತ್ತಿದ್ದರು. ಹುಡುಗನಾಗಿದ್ದಾಗ ಹೊನ್ನೂರುಸ್ವಾಮಿ ಹತ್ತನೆಯ ತರಗತಿಯ ಗಣಿತಕ್ಕೆ ಮೂರು ಸಲ ಕುಳಿತಿದ್ದ. ಮೊದಲ ಸಲ ಹನ್ನೆರಡು ಅಂಕ, ಎರಡನೆಯ ಸಲ ಹದಿನೇಳು, ಮೂರನೆಯ ಸಲ ಹತ್ತೊಂಬತ್ತು.

"ಏರಾಕೇನೋ ಏರ್ತಿತ್ತು ಸಾರ್. ಆದ್ರ ಮೂವತ್ತೈದು ಮುಟ್ಟೋದ್ರಾಗ ನನಗ ಮೊಮ್ಮಕ್ಕಳು ಆಗ್ತಿದ್ರು" ಎಂದು ಅವನೇ ಹೇಳಿಕೊಂಡು ನಗುತ್ತಿದ್ದ.

ಇಪ್ಪತ್ತೆರಡನೆಯ ವಯಸ್ಸಿಗೆ ನಮ್ಮ ಶಾಲೆಗೆ ಬಂದ. ಕಸ ಗುಡಿಸುವುದು, ಕುಡಿಯುವ ನೀರು ತುಂಬುವುದು, ಹಾಜರಿ ಪುಸ್ತಕವನ್ನು ಕೋಣೆಯಿಂದ ಕೋಣೆಗೆ ಒಯ್ಯುವುದು, ಗಂಟೆ ಹೊಡೆಯುವುದು ಅವನ ಕೆಲಸ. ನಮ್ಮ ಗಂಟೆ ಎಂದರೆ ಮೊಳದುದ್ದದ ರೈಲು ಕಂಬಿಯ ತುಂಡು. ಕಚೇರಿಯ ಮುಂದಿನ ಪಡಸಾಲೆಯಲ್ಲಿ ಸರಪಳಿಯಿಂದ ತೂಗುತ್ತದೆ. ಅದಕ್ಕೆ ಕಬ್ಬಿಣದ ಸರಳಿನಿಂದ ಒಂದು ಪೆಟ್ಟು ಕೊಟ್ಟರೆ ಬಸ್ ನಿಲ್ದಾಣದ ಕಡೆಯ ರಸ್ತೆಯವರೆಗೆ ಕೇಳುತ್ತದೆ. ಹೊನ್ನೂರುಸ್ವಾಮಿ ಗಡಿಯಾರ ಕಟ್ಟಿದವನಲ್ಲ. ಅಂಗಳದ ಬೇವಿನ ಮರದ ನೆರಳು ಪಡಸಾಲೆಯ ಯಾವ ಕಂಬಕ್ಕೆ ಬಂದಿದೆ ಎಂದು ನೋಡಿ ಎದ್ದು ಹೋಗುತ್ತಿದ್ದ. ಯಾವ ತಿಂಗಳಲ್ಲಿ ಯಾವ ಕಂಬ ಎಂಬ ಲೆಕ್ಕ ಅವನ ತಲೆಯಲ್ಲಿತ್ತು. ಅನುಮಾನ ಬಂದು ನನ್ನ ಕೈಗಡಿಯಾರಕ್ಕೆ ತಾಳೆ ನೋಡಿದಾಗಲೆಲ್ಲ ತಿದ್ದಿಕೊಳ್ಳಬೇಕಾಗಿ ಬಂದದ್ದು ನನ್ನ ಗಡಿಯಾರವೇ.

ಪರೀಕ್ಷೆಯ ವಾರ ಬಂದರೆ ಅವನು ಬೇರೆಯೇ ಮನುಷ್ಯನಾಗುತ್ತಿದ್ದ. ಹಿಂದಿನ ದಿನವೇ ಬೆಂಚುಗಳನ್ನು ನೂಲು ಹಿಡಿದಂತೆ ಸಾಲಾಗಿ ಇಟ್ಟು, ಒಂದೊಂದರ ಮೇಲೂ ಸುಣ್ಣದ ಕಡ್ಡಿಯಿಂದ ನೋಂದಣಿ ಸಂಖ್ಯೆಗಳನ್ನು ಬರೆಯುತ್ತಿದ್ದ. ಬೆಳಿಗ್ಗೆ ಗೇಟಿನಲ್ಲಿ ನಿಂತು, ಫಲಕದಲ್ಲಿ ಅಚ್ಚಾದ ನಿಯಮಗಳನ್ನು ಹುಡುಗರಿಗೆ ತನ್ನ ಮಾತಿನಲ್ಲಿ ಹೇಳುತ್ತಿದ್ದ.

"ಮೊಬೈಲು ತಂದಿದ್ರ ಈಗ ಹೇಳ್ರಿ, ಆಮ್ಯಾಲ ಅತ್ರ ನಾ ಕಣ್ಣೀರು ಒರಸಂಗಿಲ್ಲ. ಹಾಲ್ ಟಿಕೆಟು ಕಿಸೇದಾಗ ಐತೇನು, ಮುಟ್ಟಿ ನೋಡ್ಕಳ್ರಿ. ಒಳಗ ಕುಂತ ಮ್ಯಾಲ ಕೇಳದ ಹೊರಗ ಬಂದ್ರಿ ಅಂದ್ರ ಪೇಪರು ಕೊಟ್ಟು ಮನಿಗೆ ಹೋದಂಗ. ಹೊಸ್ತಿಲ ದಾಟಿದ್ರ ಊರ ದಾಟಿದಂಗ, ತಿಳೀತೇನಲೇ?"

ಕೊನೆಯ ಆ ಮಾತನ್ನು ಹುಡುಗರು ಅವನಿಗಿಂತ ಮೊದಲೇ ಕೂಗಿ ಹೇಳುತ್ತಿದ್ದರು.

ಹೀಗೆ ಇಪ್ಪತ್ತೊಂದು ವರ್ಷ ನಡೆಯಿತು. ಆಮೇಲೆ ಪ್ರಯೋಗಾಲಯದ ಸಹಾಯಕ ರಾಯಣ್ಣನವರು ಮುಂದಿನ ಮೇ ತಿಂಗಳಲ್ಲಿ ನಿವೃತ್ತರಾಗುವರೆಂದು ಗೊತ್ತಾಯಿತು. ಹೊನ್ನೂರುಸ್ವಾಮಿಗೆ ಶಾಲೆಯಲ್ಲಿ ಎಲ್ಲಕ್ಕಿಂತ ಪ್ರಿಯವಾದ ಜಾಗ ಆ ಪ್ರಯೋಗಾಲಯ. ಕೆಲಸ ಮುಗಿದ ಮೇಲೆ ಅಲ್ಲಿಗೆ ಹೋಗಿ ಗಾಜಿನ ನಳಿಕೆಗಳನ್ನು ತೊಳೆದು, ಬೆಳಕಿಗೆ ಹಿಡಿದು ನೋಡಿ, ಮರದ ಸ್ಟ್ಯಾಂಡಿಗೆ ಬೋರಲಾಗಿ ಸಿಕ್ಕಿಸಿ ಬರುತ್ತಿದ್ದ. ಯಾವ ಆಮ್ಲ ಬಟ್ಟೆ ಸುಡುತ್ತದೆ, ಯಾವ ಲವಣ ಜ್ವಾಲೆಗೆ ಹಸಿರು ಬಣ್ಣ ಕೊಡುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಆದರೆ ಆ ಹುದ್ದೆಗೆ ಹತ್ತನೆಯ ತರಗತಿ ಪಾಸಾಗಿರಬೇಕು. ಆಡಳಿತ ಮಂಡಳಿಯವರು, "ಪಾಸಾದರೆ ನಿನಗೇ ಕೊಡೋಣ, ಇಲ್ಲದಿದ್ದರೆ ಹೊರಗಿನವರನ್ನು ತಗೊಳ್ಳಬೇಕಾಗುತ್ತದೆ" ಎಂದು ಸ್ಪಷ್ಟವಾಗಿ ಹೇಳಿದರು. ಅವನ ಮುಂದಿದ್ದದ್ದು ಒಂದೇ ವರ್ಷ, ಒಂದೇ ಪರೀಕ್ಷೆ.

ಅವನು ಖಾಸಗಿ ಅಭ್ಯರ್ಥಿಯಾಗಿ ಹೆಸರು ಕೊಟ್ಟ. ಹಳೆಯ ಪಠ್ಯವೆಲ್ಲ ಹೋಗಿದ್ದರಿಂದ ಆರು ವಿಷಯಗಳನ್ನೂ ಹೊಸದಾಗಿ ಓದಬೇಕಾಯಿತು. ಐದಕ್ಕೆ ಅವನು ಹೆದರಲಿಲ್ಲ. ಕನ್ನಡವನ್ನಂತೂ ಎರಡು ದಶಕ ಕಿಟಕಿಯ ಹೊರಗೆ ನಿಂತೇ ಕೇಳಿದ್ದ. ನಾನು ಪಾಠದ ನಡುವೆ ಮರೆತ ಸಾಲನ್ನು ಒಂದೆರಡು ಸಲ ಅವನೇ ಹೊರಗಿನಿಂದ ನೆನಪಿಸಿದ್ದೂ ಉಂಟು. ಉಳಿದದ್ದು ಗಣಿತ.

ಗಣಿತ ಕಲಿಸಲು ಒಪ್ಪಿಕೊಂಡವನು ಹತ್ತನೆಯ ತರಗತಿಯ ಅಭಯ. ಹಂಪಿಯಲ್ಲಿ ಅರ್ಚಕರಾಗಿದ್ದವರ ಮಗ. ದಿನವೂ ಬಸ್ಸಿನಲ್ಲಿ ಬರುವವನು, ಲೆಕ್ಕದಲ್ಲಿ ಚುರುಕು, ಬಾಯಿ ಅದಕ್ಕಿಂತ ಚುರುಕು. ಮಧ್ಯಾಹ್ನದ ಊಟವಾದ ಮೇಲೆ ಬೇವಿನ ಮರದ ಕಟ್ಟೆಯ ಮೇಲೆ ಪಾಠ ನಡೆಯುತ್ತಿತ್ತು. ಮೊದಲ ದಿನವೇ ಅವನು ಗುರುದಕ್ಷಿಣೆಯ ಮಾತು ತೆಗೆದ.

"ಸ್ವಾಮಣ್ಣ, ನಮ್ಮ ಬಸ್ಸು ಭಾಳ ತಡ ಆಗ್ತೈತಿ. ನೀವು ಬೆಳಗಿನ ಪ್ರಾರ್ಥನಿ ಗಂಟಿ ಎರಡು ನಿಮಿಷ ತಡ ಹೊಡೀರಿ. ನಾ ನಿಮಗ ಲೆಕ್ಕ ಪೂರ್ತಿ ಕಲಿಸ್ತೀನಿ."

"ನಾಕನೇ ಸಲ ಫೇಲ್ ಬೇಕಾದ್ರ ಆಗ್ತೀನಿ, ಗಂಟಿ ತಡ ಮಾಡಂಗಿಲ್ಲಲೇ. ನಿಮ್ಮ ಡ್ರೈವರ್‌ಗ ಹೇಳು, ಜಲ್ದಿ ಹೊಡಿ ಅಂತ."

ಅಭಯ ಸೋತು, ಹಾಗೆಯೇ ಕಲಿಸಿದ. ಅಕ್ಷರಗಳನ್ನು ಕೂಡುವುದು ಕಳೆಯುವುದು ಹೊನ್ನೂರುಸ್ವಾಮಿಯ ತಲೆಗೆ ಹೋಗುತ್ತಿರಲಿಲ್ಲ. ಸಮಾಂತರ ಶ್ರೇಢಿ ಎಂಬ ಪಾಠಕ್ಕೆ ಬಂದಾಗಲಂತೂ ಪುಸ್ತಕ ಮುಚ್ಚಿ ಎದ್ದೇಬಿಟ್ಟ. ಆಗ ಹುಡುಗ ಅವನ ಅಂಗಿ ಹಿಡಿದು ಕೂರಿಸಿದ.

"ಕುಂದ್ರಿ ಸ್ವಾಮಣ್ಣ. ಪರೀಕ್ಷಿ ಟೈಮಿನ್ಯಾಗ ನೀವು ಯಾವಾಗ ಯಾವಾಗ ಗಂಟಿ ಹೊಡೀತೀರಿ?"

"ಹತ್ತೂವರೀಗೆ ಸುರು. ಆಮ್ಯಾಲ ಹನ್ನೊಂದು, ಹನ್ನೊಂದೂವರಿ, ಹನ್ನೆರಡು, ಹನ್ನೆರಡೂವರಿ."

"ಎರಡರ ನಡುವ ಎಷ್ಟು ಅಂತರ?"

"ಅರ್ಧ ತಾಸು. ಯಾವಾಗ್ಲೂ ಅಷ್ಟ."

"ಅದ ರೀ ಶ್ರೇಢಿ. ಇಪ್ಪತ್ತು ವರ್ಷದಿಂದ ಅದನ್ನ ಹೊಡ್ಯಾಕ ಹತ್ತೀರಿ, ಹೆಸರು ಗೊತ್ತಿರಲಿಲ್ಲ ಅಷ್ಟ."

ಅಂದು ಸಂಜೆ ಹೊನ್ನೂರುಸ್ವಾಮಿ ನನ್ನ ಬಳಿಗೆ ಬಂದು, ಹೊಸ ಸೈಕಲ್ಲು ಕೊಂಡವನಂತೆ ಮುಖ ಮಾಡಿಕೊಂಡು ಐದನೆಯ ಪದ, ಹತ್ತನೆಯ ಪದ ಎಂದು ಲೆಕ್ಕ ಮಾಡಿ ತೋರಿಸಿದ.

ಖಾಸಗಿಯಾಗಿ ಬರೆಯುವವರಿಗೂ ಆ ವರ್ಷ ನಮ್ಮ ಶಾಲೆಯೇ ಕೇಂದ್ರವಾಯಿತು. ಮುಖ್ಯೋಪಾಧ್ಯಾಯರು ಅವನನ್ನು ಪರೀಕ್ಷೆಯ ಎಲ್ಲ ಕೆಲಸಗಳಿಂದ ಬಿಡುಗಡೆ ಮಾಡಿ ಲಿಖಿತ ಆದೇಶ ಕೊಟ್ಟರು. ಗಂಟೆ ಹೊಡೆಯಲು ಬೇರೊಂದು ಶಾಲೆಯಿಂದ ಮಾರೇಶ್ ಎಂಬ ಯುವಕ ಬಂದ. ಬೆಂಚುಗಳಿಗೆ ಸಂಖ್ಯೆ ಬರೆಯುವುದನ್ನು ಹೊನ್ನೂರುಸ್ವಾಮಿ ದೂರದಿಂದ ಕೈಕಟ್ಟಿ ನೋಡುತ್ತ ನಿಂತಿದ್ದ.

"ಏಳರ ಹೊಟ್ಟಿಗೆ ಅಡ್ಡಗೀಟು ಹಾಕಬ್ಯಾಡ ತಮ್ಮಾ, ಹುಡುಗ್ರು ಗಾಬರಿ ಆಗ್ತಾರ" ಎಂದ.

"ನಿನ್ನ ನಂಬರು ಯಾವುದಣ್ಣ? ಅದನ್ನ ಚಂದಾಗಿ ಬರೀತೀನಿ" ಎಂದ ಮಾರೇಶ್.

"ಎಲ್ಲಾರದೂ ಚಂದಾಗೇ ಬರಿ."

ಗಣಿತದ ದಿನ ಬೆಳಿಗ್ಗೆ ಅವನ ಹೆಂಡತಿ ರೇಣುಕಮ್ಮ ಮೊಸರು ಸಕ್ಕರೆ ಕೊಡಲಿಲ್ಲವಂತೆ. "ಮೂರು ಸಲ ಅದನ್ನ ತಿಂದು ಹೋಗಿ ಫೇಲ್ ಆಗೀರಿ. ಈ ಸಲ ಮಂಡಾಳು ಒಗ್ಗರಣಿ, ಮಿರ್ಚಿ ತಿಂದು ಹೋಗ್ರಿ. ಖಾರಕ್ಕರ ಬುದ್ಧಿ ಚುರುಕಾದೀತು" ಎಂದು ಮಂಡಕ್ಕಿಯ ತಟ್ಟೆಯನ್ನು ಮುಂದಿಟ್ಟಳಂತೆ. ಗೇಟಿನಲ್ಲಿ ಅವನು ಹುಡುಗರ ಸಾಲಿನಲ್ಲಿಯೇ ನಿಂತಿದ್ದ. ತೋರಣಗಲ್ಲಿನ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ, ಮಗನನ್ನು ಬಿಡಲು ಬಂದಿದ್ದ ಒಬ್ಬರು ಅವನನ್ನೇ ಕೇಳಿದರು: "ನಿಮ್ಮ ಹುಡುಗ ಯಾರ್ರಿ?" ಹೊನ್ನೂರುಸ್ವಾಮಿ ಹಾಲ್ ಟಿಕೆಟು ತೋರಿಸಿ, "ನಾನ ರೀ" ಎಂದ. ಹಿಂದಿನಿಂದ ಹುಡುಗರು ಒಕ್ಕೊರಲಿನಿಂದ, "ಹೊಸ್ತಿಲ ದಾಟಿದ್ರ ಊರ ದಾಟಿದಂಗ, ತಿಳೀತೇನ್ರೀ ಸ್ವಾಮಣ್ಣ?" ಎಂದು ಕೂಗಿದರು. ಅವನು ನಕ್ಕ. ಆದರೆ ಕಿಸೆಗೆ ಹಾಕಿದ ಹಾಲ್ ಟಿಕೆಟನ್ನು ಮತ್ತೆ ಮತ್ತೆ ಮುಟ್ಟಿ ನೋಡಿಕೊಂಡ.

ನಾನು ಕಚೇರಿಯಲ್ಲಿ ಗೈರುಹಾಜರಾದವರ ಪಟ್ಟಿಯನ್ನು ಬರೆಯುತ್ತಿದ್ದೆ. ಅಂಗಳದ ಆಚೆ, ನೇರ ಎದುರಿಗೆ ಏಳನೆಯ ಕೋಣೆ. ಬಾಗಿಲು ತೆರೆದಿತ್ತು. ಎರಡನೆಯ ಸಾಲಿನಲ್ಲಿ ಬಾಗಿ ಬರೆಯುತ್ತಿದ್ದ ಹೊನ್ನೂರುಸ್ವಾಮಿಯ ಬೆನ್ನು ನನಗೆ ಕಾಣುತ್ತಿತ್ತು. ಬೇರೆ ಶಾಲೆಯಿಂದ ಬಂದಿದ್ದ ಶ್ರೀವಾಣಿ ಮೇಡಂ ಅಲ್ಲಿ ಮೇಲ್ವಿಚಾರಕರಾಗಿದ್ದರು. ಬಹಳ ಕಟ್ಟುನಿಟ್ಟಿನವರೆಂದು ಹೆಸರಾದವರು. ಸಾಲದ್ದಕ್ಕೆ ಕೋಣೆಯಲ್ಲಿ ಕ್ಯಾಮೆರಾ ಇತ್ತು. ಕೂತವರು ಎದ್ದರೂ ಎಲ್ಲೋ ಯಾರೋ ನೋಡುತ್ತಿರುತ್ತಾರೆ.

ಹನ್ನೊಂದರ ಗಂಟೆಯಾಯಿತು. ಹನ್ನೊಂದೂವರೆ, ಹನ್ನೆರಡು ಕೂಡ ಆಯಿತು. ಮಾರೇಶ್ ಎಲ್ಲವನ್ನೂ ಸಮಯಕ್ಕೆ ಹೊಡೆದ. ಆಮೇಲೆ ಯಾವುದೋ ಕೋಣೆಯಲ್ಲಿ ಕುಡಿಯುವ ನೀರು ಮುಗಿಯಿತೆಂದು ಕರೆ ಬಂದು, ಬಿಂದಿಗೆ ಹಿಡಿದು ಹಿತ್ತಲಿನ ನಲ್ಲಿಗೆ ಹೋದ. ಅಲ್ಲಿ ನೀರು ಸಣ್ಣಗೆ ಬರುತ್ತಿತ್ತು.

ನಾನು ತಲೆಯೆತ್ತಿ ನೋಡಿದಾಗ ಏಳನೆಯ ಕೋಣೆಯಲ್ಲಿ ಹೊನ್ನೂರುಸ್ವಾಮಿ ಎದ್ದು ಈ ಕಡೆಗೆ ತಿರುಗಿ ನಿಂತಿದ್ದ. ಲೇಖನಿಯನ್ನು ಬೆಂಚಿನ ಮೇಲೆ ಇಟ್ಟ. ಅವನ ದೃಷ್ಟಿ ಪಡಸಾಲೆಯ ಮೂರನೆಯ ಕಂಬದ ಮೇಲಿತ್ತು. ಬೇವಿನ ನೆರಳು ಅದರ ಬುಡಕ್ಕೆ ಬಂದಿತ್ತು. ನನಗೆ ಒಮ್ಮೆಗೇ ಎಲ್ಲವೂ ಹೊಳೆಯಿತು. ಗಡಿಯಾರದಲ್ಲಿ ಹನ್ನೆರಡೂವರೆ ದಾಟಿತ್ತು, ಗಂಟೆ ಆಗಿರಲಿಲ್ಲ. ಇಪ್ಪತ್ತೊಂದು ವರ್ಷದ ಅಭ್ಯಾಸ ಅವನನ್ನು ಎಬ್ಬಿಸಿತ್ತು. ತಾನು ಪರೀಕ್ಷೆ ಬರೆಯುವವನೆಂಬುದನ್ನು ಮರೆತು ಅವನು ಬಾಗಿಲ ಕಡೆಗೆ ನಡೆದು ಬರುತ್ತಿದ್ದ. ಶ್ರೀವಾಣಿ ಮೇಡಂ ಆ ಕಡೆಗೆ ಬೆನ್ನು ಮಾಡಿ, ಹಿಂದಿನ ಸಾಲಿನವನಿಗೆ ಹೆಚ್ಚುವರಿ ಹಾಳೆ ಕೊಡುತ್ತಿದ್ದರು. ಹುಡುಗರು ಯಾರೂ ತಲೆಯೆತ್ತುವ ಸ್ಥಿತಿಯಲ್ಲಿರಲಿಲ್ಲ.

ಕೂಗಬೇಕೆನಿಸಿತು. ಆದರೆ ಪರೀಕ್ಷೆ ಬರೆಯುತ್ತಿರುವವನನ್ನು ಹೊರಗಿನಿಂದ ಮಾತನಾಡಿಸುವುದು ನಿಯಮಕ್ಕೆ ವಿರುದ್ಧ. ಅದರಿಂದ ಅವನಿಗೇ ತೊಂದರೆಯಾಗಬಹುದು. ಅವನು ಇನ್ನು ನಾಲ್ಕು ಹೆಜ್ಜೆ ಇಟ್ಟಿದ್ದರೆ ಹೊಸ್ತಿಲು.

ನಾನು ಚಪ್ಪಲಿಯನ್ನೂ ಮೆಟ್ಟದೆ ಪಡಸಾಲೆಗೆ ಓಡಿದೆ. ಅಲ್ಲಿಯವರೆಗಿನ ನೌಕರಿಯಲ್ಲಿ ಆ ಗಂಟೆಯನ್ನು ನಾನು ಮುಟ್ಟಿದವನಲ್ಲ. ಸರಳನ್ನು ಎರಡೂ ಕೈಗಳಿಂದ ಎತ್ತಿ ಒಂದು ಪೆಟ್ಟು ಕೊಟ್ಟೆ.

ಹೊನ್ನೂರುಸ್ವಾಮಿ ಬಾಗಿಲಲ್ಲಿ ನಿಂತ. ಬಲಗಾಲು ಎತ್ತಿದಂತೆಯೇ ಇತ್ತು. ನನ್ನನ್ನು ನೋಡಿದ, ನನ್ನ ಕೈಯಲ್ಲಿದ್ದ ಸರಳನ್ನು ನೋಡಿದ, ಆಮೇಲೆ ತನ್ನ ಕಾಲನ್ನು ನೋಡಿಕೊಂಡ. ಆ ಕಾಲನ್ನು ಹಿಂದಕ್ಕೆ ಒಳಗೇ ಇಟ್ಟ. ಅಷ್ಟರಲ್ಲಿ ಶ್ರೀವಾಣಿ ಮೇಡಂ ತಿರುಗಿದರು.

"ಎಲ್ಲಿಗೆ ಹೊಂಟೀರಿ?"

"ಗಂಟಿ ಹೊಡ್ಯಾಕ ಮೇಡಂ."

ಇಡೀ ಕೋಣೆ ನಕ್ಕಿತು. ಮೇಡಂ ನಗಲಿಲ್ಲ. ಹೊಸ್ತಿಲನ್ನೂ ಅವನ ಪಾದಗಳನ್ನೂ ನೋಡಿದರು.

"ಹೊರಗ ಕಾಲಿಟ್ಟೀರೇನು?"

"ಎತ್ತಿದ್ದೆ ಮೇಡಂ, ಇಟ್ಟಿಲ್ಲ. ಇಟ್ಟಿದ್ರ ಪೇಪರು ನಾನ ತಂದು ಕೊಡ್ತಿದ್ದೆ."

"ಹೋಗಿ ಕುಂದ್ರಿ. ಗಂಟಿ ಹೊಡ್ಯಾವರು ಬ್ಯಾರೆ ಅದಾರ" ಎಂದರು. ಅವನು ಹೋಗಿ ಕುಳಿತ. ಆದರೆ ಬಹಳ ಹೊತ್ತು ಬರೆಯಲಿಲ್ಲ. ಆ ಬೆನ್ನು ಅಲುಗದೆ ಇದ್ದುದನ್ನು ನೋಡುತ್ತ ನನ್ನ ಪಟ್ಟಿಯಲ್ಲಿ ಎರಡು ಹೆಸರು ತಪ್ಪಾದವು. ಕೊನೆಗೆ ಮೊಣಕೈ ಅಲುಗಿದಾಗ ನಾನು ನೀರು ಕುಡಿದೆ.

ಮುಗಿದ ಮೇಲೆ ಅವನು ನೇರವಾಗಿ ನನ್ನ ಬಳಿಗೆ ಬಂದ.

"ಆ ಶ್ರೇಢಿ ಲೆಕ್ಕಾನ ಬಂದಿತ್ತು ಸಾರ್. ಅಭಯ ಹೇಳ್ದಂಗ ಗಂಟಿ ನೆನಸ್ಕೊಂಡು ಮಾಡಾಕ ಹತ್ತಿದ್ದೆ. ಹತ್ತೂವರಿ, ಹನ್ನೊಂದು, ಹನ್ನೊಂದೂವರಿ, ಹನ್ನೆರಡು ಅಂದು ಐದನೇ ಪದಕ್ಕ ಬಂದೆ, ನೆರಳು ನೋಡ್ದೆ, ಗಂಟಿ ಆಗಿಲ್ಲ. ಮುಂದ ಏನಾತು ಗೊತ್ತಿಲ್ಲ ನೋಡ್ರಿ."

"ಲೆಕ್ಕ ಮುಗಿಸಿದೆಯಾ?"

"ಮುಗಿಸಿನಿ. ಕಡೇ ಎರಡು ಪ್ರಶ್ನಿ ಬಿಟ್ಟೋತು." ಆಮೇಲೆ ಸೇರಿಸಿದ: "ಒಂದ್ ಮಾತು ಸಾರ್. ನೀವು ಸರಳು ತುದೀಗೆ ಹಿಡದಿದ್ರಿ. ನಡುವ ಹಿಡೀಬೇಕು. ನಾದ ಸರಿ ಬರಲಿಲ್ಲ."

ಫಲಿತಾಂಶ ಬಂದ ದಿನ ಅಭಯನೇ ತನ್ನ ಅಪ್ಪನ ಫೋನಿನಲ್ಲಿ ಎರಡು ನೋಂದಣಿ ಸಂಖ್ಯೆಗಳನ್ನು ಹಾಕಿ ನೋಡಿದ. ಅವನಿಗೆ ಗಣಿತದಲ್ಲಿ ತೊಂಬತ್ತೇಳು, ಹೊನ್ನೂರುಸ್ವಾಮಿಗೆ ಮೂವತ್ತೆಂಟು. ಹುಡುಗ ತನ್ನ ಅಂಕದ ಮಾತೆತ್ತದೆ, ಶಿಷ್ಯನ ಅಂಕವನ್ನೇ ಊರಿಗೆಲ್ಲ ಹೇಳಿಕೊಂಡು ತಿರುಗಿದ. ರೇಣುಕಮ್ಮ ಶಾಲೆಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ಕಟ್ಟಿಕೊಂಡು ಬಂದು ಸಿಬ್ಬಂದಿಗೆಲ್ಲ ಹಂಚಿದಳು. ಹುದ್ದೆಯ ಆದೇಶ ಮಾತ್ರ ಜೂನಿನಲ್ಲಿ ಬರಲಿಲ್ಲ. ಕಾಗದಗಳು ಓಡಾಡಿ ಅಕ್ಟೋಬರಿಗೆ ಬಂತು. ಅಲ್ಲಿಯವರೆಗೆ ಅವನು ಗಂಟೆಯನ್ನೂ ಹೊಡೆದ, ನಳಿಕೆಗಳನ್ನೂ ತೊಳೆದ.

ಕಳೆದ ತಿಂಗಳು ನಾನು ಆ ಕಡೆಗೆ ಹೋಗಿದ್ದೆ. ಹೊನ್ನೂರುಸ್ವಾಮಿ ನೀಲಿ ಬಣ್ಣದ ಮೇಲಂಗಿ ತೊಟ್ಟು ಒಂಬತ್ತನೆಯ ತರಗತಿಯ ಹುಡುಗರಿಗೆ ಬುನ್ಸೆನ್ ಬರ್ನರು ಹೊತ್ತಿಸುವುದನ್ನು ತೋರಿಸುತ್ತಿದ್ದ. ಗಂಟೆಯ ಕೆಲಸ ಈಗ ಮಾರೇಶನದು. ಅವನನ್ನೇ ನಮ್ಮ ಶಾಲೆಗೆ ವರ್ಗ ಮಾಡಿದ್ದಾರೆ. ಮಾತಿನ ನಡುವೆ ಹೊನ್ನೂರುಸ್ವಾಮಿ ಕೈಯಲ್ಲಿದ್ದ ನಳಿಕೆಯನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಬಾಗಿಲಿನವರೆಗೆ ಹೋಗಿ, ಹೊಸ್ತಿಲ ಒಳಗೇ ನಿಂತು ಕಂಬದ ಮೇಲಿನ ಬೇವಿನ ನೆರಳನ್ನು ನೋಡಿದ. ಸ್ವಲ್ಪ ಹೊತ್ತಿಗೆ ಗಂಟೆಯಾಯಿತು.

"ಅರ್ಧ ನಿಮಿಷ ತಡ" ಎಂದ. "ಹೋಗ್ಲಿ ಬಿಡ್ರಿ, ಕಲೀತಾನ."

ಮರಳಿ ಬಂದು, ಹುಡುಗರಿಗೆ ಜ್ವಾಲೆಯ ಬಣ್ಣ ನೋಡಲು ಹೇಳಿದ.