ಹಗ್ಗದ ಆ ತುದಿಯ ಕೈ

ನಮ್ಮ ಗವಿ ಬಳಗಕ್ಕೆ ತಿಂಗಳಿಗೊಂದು ಸುದ್ದಿಹಾಳೆ ಇದೆ. ಎರಡೇ ಪುಟ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದೂ ಕಡೆಯ ಗೆಳೆಯರು ಬರೆದು ಕಳಿಸಿದ್ದನ್ನು ತಿದ್ದಿ, ಜೆರಾಕ್ಸ್ ಮಾಡಿಸಿ ಹಂಚುವ ಕೆಲಸ ಬಹಳ ವರ್ಷಗಳಿಂದ ನನ್ನದು. ಯಾರು ಯಾವ ಗುಡ್ಡದಲ್ಲಿ ಹೊಸ ಗವಿ ಕಂಡರು, ಯಾರ ಮೊಣಕಾಲು ತರಚಿತು, ಯಾರ ಮಗಳ ಮದುವೆ ಗೊತ್ತಾಯಿತು, ಎಲ್ಲದಕ್ಕೂ ಅದರಲ್ಲಿ ಜಾಗವಿದೆ. ದೆವ್ವಕ್ಕೆ ಮಾತ್ರ ಇಲ್ಲ. ಆ ನಿಯಮ ಮಾಡಿದವನು ನಾನೇ. ಹಡಗಲಿಯ ಗೆಳೆಯರೊಬ್ಬರು ಗವಿಯೊಳಗೆ ಬಳೆ ಸದ್ದು ಕೇಳಿದೆನೆಂದು ಒಂದು ಪುಟ ಬರೆದು ಕಳಿಸಿದಾಗ, ಅಷ್ಟನ್ನೂ ಹೊಡೆದುಹಾಕಿ ಅಂಚಿನಲ್ಲಿ 'ನೀರಿನ ಹನಿ' ಎಂದು ಬರೆದು ವಾಪಸು ಮಾಡಿದ್ದೆ. ಅವರು ಆರು ತಿಂಗಳು ನನ್ನೊಡನೆ ಮಾತಾಡಲಿಲ್ಲ.

ಮೂವತ್ತೊಂದು ವರ್ಷ ಹರಪನಹಳ್ಳಿಯಲ್ಲಿ ಡ್ರಿಲ್ ಮಾಸ್ತರನಾಗಿದ್ದವನು ನಾನು. ಕಂಡದ್ದನ್ನು ಹೊತ್ತು ಹಾಕಿ ಬರೆದಿಡುವುದು, ಬರೆದಿಡಲಾಗದ್ದನ್ನು ನಂಬದಿರುವುದು ನನ್ನ ಅಭ್ಯಾಸ. ಈಗ ಹೇಳಹೊರಟಿರುವುದನ್ನೂ ಹೊತ್ತು ಹಾಕಿಯೇ ಬರೆದಿಟ್ಟಿದ್ದೇನೆ. ಅದೇ ನನ್ನ ತೊಂದರೆ.

ನಮ್ಮ ಕಡೆಯ ಗವಿಗಳನ್ನು ನೋಡದವರಿಗಾಗಿ ಒಂದು ಮಾತು. ಇವು ನೀರು ಕೊರೆದ ಗವಿಗಳಲ್ಲ. ಗುಡ್ಡದ ಬಂಡೆಗಳು ಒಂದರ ಮೇಲೊಂದು ಉರುಳಿ ಕೂತಾಗ ನಡುವೆ ಉಳಿದ ಸಂದುಗಳು. ಒಂದು ಕಡೆ ನಿಂತು ನಡೆಯಬಹುದು, ನಾಲ್ಕು ಹೆಜ್ಜೆ ಮುಂದೆ ಹೊಟ್ಟೆಯ ಮೇಲೆ ತೆವಳಬೇಕು. ಎರಡು ತಿರುವು ದಾಟಿದರೆ ಒಳಗಿನವನು ಎಷ್ಟು ಕೂಗಿದರೂ ಹೊರಗೆ ಕೇಳುವುದಿಲ್ಲ. ಆದ್ದರಿಂದ ನಾವು ಹಗ್ಗದಲ್ಲಿ ಮಾತಾಡುತ್ತೇವೆ. ಒಳಗೆ ಹೋಗುವವನು ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳುತ್ತಾನೆ, ಇನ್ನೊಂದು ತುದಿ ಗವಿಯ ಬಾಯಲ್ಲಿ ಕೂತವನ ಕೈಯಲ್ಲಿರುತ್ತದೆ. ಐದು ನಿಮಿಷಕ್ಕೊಮ್ಮೆ ಹೊರಗಿನವನು ಒಂದು ಸಲ ಜಗ್ಗುತ್ತಾನೆ. ಒಳಗಿನವನು ಎರಡು ಸಲ ಜಗ್ಗಿದರೆ ಕ್ಷೇಮ ಎಂದರ್ಥ. ಮೂರು ಸಲ ಜಗ್ಗಿದರೆ, ಬನ್ನಿ. ಉತ್ತರವೇ ಬಾರದಿದ್ದರೆ ಕೂಡಲೇ ಹೋಗಬೇಕು. ಕ್ಷೇಮ ಎಂದು ಬಂದರೆ ಮಾತ್ರ ಯಾರೂ ಒಳಗೆ ಕಾಲಿಡಬಾರದು. ಇಕ್ಕಟ್ಟಿನಲ್ಲಿ ಇಬ್ಬರು ಸೇರಿದರೆ ಇಬ್ಬರಿಗೂ ಅಪಾಯ.

ಈ ಪದ್ಧತಿಯನ್ನು ಕಲಿಸಿದವರು ಬಳಗವನ್ನು ಕಟ್ಟಿದ ಗುರುಬಸಪ್ಪ. ಕೂಡ್ಲಿಗಿಯವರು, ಲೈನ್‌ಮನ್ ಆಗಿ ನಿವೃತ್ತರಾದವರು. ನಾವೆಲ್ಲ ಅವರನ್ನು ಅಣ್ಣ ಎನ್ನುತ್ತಿದ್ದೆವು. ಕಂಬದ ಮೇಲಿರುವವನ ಜೀವ ಕೆಳಗಿರುವವನ ಮಾತಿನಲ್ಲಿದೆ, ಸುಳ್ಳು ಸನ್ನೆ ಕೊಡುವವನು ಕೊಲೆಗಾರ ಎಂದು ಅವರು ಪ್ರತಿ ಸಭೆಯಲ್ಲೂ ಹೇಳುತ್ತಿದ್ದರು.

ವರ್ಷಗಟ್ಟಲೆ ಹಗ್ಗ ಹಿಡಿದರೆ ಕೈಬರಹದ ಹಾಗೆ ಜಗ್ಗುವ ಕೈಯೂ ಗುರುತು ಸಿಗುತ್ತದೆ. ಹಗರಿಬೊಮ್ಮನಹಳ್ಳಿಯಲ್ಲಿ ಸುಟ್ಟ ಪಂಪಿನ ಮೋಟಾರುಗಳಿಗೆ ತಂತಿ ಸುತ್ತಿ ರಿಪೇರಿ ಮಾಡುವ ಖಾಜಾ ಬಾಗಿಲು ತಟ್ಟಿದ ಹಾಗೆ ಬೇಗ ಬೇಗ ಎರಡು ಸಲ ಜಗ್ಗುತ್ತಿದ್ದ. ಗುರುಬಸಪ್ಪಣ್ಣನದು ಬೇರೆಯೇ. ಮೊದಲನೆಯದು ಚಿಕ್ಕದು. ಆಮೇಲೆ ಎಷ್ಟು ಹೊತ್ತು ಬಿಡುತ್ತಿದ್ದರೆಂದರೆ, ಇನ್ನು ಬರುವುದಿಲ್ಲ ಎಂದು ಎದೆ ಹಾರುವ ಹೊತ್ತಿಗೆ ಎರಡನೆಯದು ಬರುತ್ತಿತ್ತು, ಬಾವಿಯಿಂದ ತುಂಬಿದ ಕೊಡ ಸೇದಿದಂತೆ, ನಿಧಾನವಾಗಿ, ಭಾರವಾಗಿ. ಆ ಅಣ್ಣ ಒಂದು ಮಳೆಗಾಲದಲ್ಲಿ ಮನೆಯಲ್ಲಿ ಮಲಗಿದ್ದಲ್ಲೇ ತೀರಿಕೊಂಡರು. ನಾನು ಹೇಳುತ್ತಿರುವುದು ಅದೇ ವರ್ಷದ ಚಳಿಗಾಲದ ಒಂದು ಭಾನುವಾರದ ಮಾತು.

ಆ ಬೆಳಿಗ್ಗೆ ಕೂಡ್ಲಿಗಿ ಬಸ್ ನಿಲ್ದಾಣದ ಬಳಿ ಸೇರಿದವರು ನಾಲ್ವರು: ನಾನು, ಖಾಜಾ, ಕೊಟ್ಟೂರಿನಲ್ಲಿ ಕಾಳಿನ ವ್ಯಾಪಾರ ಮಾಡುವ ಕೋಟ್ರೇಶ, ಹಡಗಲಿಯ ಶಾಂತಕ್ಕ. ಶಾಂತಕ್ಕ ನರ್ಸ್ ಆಗಿ ನಿವೃತ್ತರಾಗಿ ಮಲ್ಲಿಗೆ ತೋಟ ಮಾಡಿಕೊಂಡವರು. ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿನ್ನುವಾಗ ಖಾಜಾ ಎಂದಿನಂತೆ ಕೋಟ್ರೇಶನ ಕಾಲೆಳೆದ.

"ಲೇ ಕೋಟ್ರೇಶಾ, ಇನ್ನೊಂದು ಮಿರ್ಚಿ ತಿಂದಿ ಅಂದ್ರ ಗವಿ ಬಾಯಿಗೆ ಬೂಚು ಹಾಕ್ದಂಗ ಸಿಕ್ಕೊಂತಿ. ಎತ್ತು ಕಟ್ಟಿ ಎಳೀಬೇಕಾಕ್ಕತಿ."

"ನಿನ್ನಂಗ ಹಲ್ಲಿ ಆಗಿ ಹುಟ್ಟಿಲ್ಲ ಬಿಡಪ ನಾನು," ಎಂದು ಕೋಟ್ರೇಶ ಆ ಮಿರ್ಚಿಯನ್ನೂ ತಿಂದ.

ಕೂಡ್ಲಿಗಿಗೂ ಕೊಟ್ಟೂರಿಗೂ ನಡುವಿನ ಒಂದು ಗುಡ್ಡದಲ್ಲಿ ಖಾಜಾ ಹೊಸ ಗವಿಯೊಂದನ್ನು ಹುಡುಕಿದ್ದ. ಬಾಯಿಯ ಸುತ್ತ ಕರಡಿಯ ಹೊಸ ಹೆಜ್ಜೆ, ಲದ್ದಿ ಏನೂ ಇರಲಿಲ್ಲ. ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಖಾಜಾ ನೂರು ಅಡಿ ಹಗ್ಗದ ತುದಿಯನ್ನು ಸೊಂಟಕ್ಕೆ ಕಟ್ಟಿಕೊಂಡು ಒಳಗೆ ಹೊಕ್ಕ. ಹೊರಗಿನ ತುದಿ ನನ್ನ ಕೈಯಲ್ಲಿತ್ತು, ಮೊಣಕಾಲ ಮೇಲೆ ಟಿಪ್ಪಣಿ ಪುಸ್ತಕ. ಹತ್ತೂ ಇಪ್ಪತ್ತೈದು, ಮೂವತ್ತು, ಮೂವತ್ತೈದು. ಮೂರು ಸಲವೂ ಬಾಗಿಲು ತಟ್ಟಿದಂತೆ ಎರಡೆರಡು ಜಗ್ಗು ಬಂದವು. 'ಕ್ಷೇಮ' ಎಂದು ಬರೆದೆ.

ಹತ್ತೂ ನಲವತ್ತಕ್ಕೆ ನಾನು ಜಗ್ಗಿದೆ. ಒಂದು ಚಿಕ್ಕ ಜಗ್ಗು ಬಂತು. ಆಮೇಲೆ ಏನೂ ಇಲ್ಲ. ನಾನು ಮತ್ತೆ ಜಗ್ಗಬೇಕೆನ್ನುವಷ್ಟರಲ್ಲಿ ಎರಡನೆಯದು ಬಂತು, ನಿಧಾನವಾಗಿ, ಭಾರವಾಗಿ. ಹಗ್ಗ ನನ್ನ ಅಂಗೈಯಲ್ಲಿ ಗೇಣುದ್ದ ಒಳಕ್ಕೆ ಸರಿಯಿತು.

ನನಗೆ ಮೊದಲು ಬಂದದ್ದು ಸಿಟ್ಟು. ಖಾಜಾ ಒಳ್ಳೆಯ ನಕಲುಗಾರ. ಯಾರ ನಡಿಗೆ, ಯಾರ ಕೆಮ್ಮು ಬೇಕಾದರೂ ಮಾಡಿ ತೋರಿಸುತ್ತಿದ್ದ. ತೀರಿಕೊಂಡು ಇನ್ನೂ ಆರು ತಿಂಗಳಾಗದ ಮನುಷ್ಯನನ್ನು ಹೀಗೆ ಅಣಕಿಸುವುದೇ ಎಂದುಕೊಂಡೆ. ಹೊರಗೆ ಬರಲಿ, ಸರಿಯಾಗಿ ಹೇಳುತ್ತೇನೆಂದು ಹಲ್ಲು ಕಚ್ಚಿ 'ಕ್ಷೇಮ' ಎಂದು ಬರೆದೆ. ಉಳಿದಿಬ್ಬರಿಗೆ ಏನೂ ಹೇಳಲಿಲ್ಲ. ಹತ್ತೂ ನಲವತ್ತೈದಕ್ಕೆ ಮತ್ತೆ ಹಾಗೆಯೇ. ಐವತ್ತಕ್ಕೆ ಹಾಗೆಯೇ. ಹನ್ನೊಂದರ ಹೊತ್ತಿಗೆ ನನ್ನ ಸಿಟ್ಟು ಉಳಿದಿರಲಿಲ್ಲ. ತಮಾಷೆಯನ್ನು ಯಾರೂ ಇಷ್ಟು ಹೊತ್ತು, ಇಷ್ಟು ಕರಾರುವಾಕ್ಕಾಗಿ ಮಾಡುವುದಿಲ್ಲ. ಆದರೆ ಸನ್ನೆ ಕ್ಷೇಮ ಎನ್ನುತ್ತಿತ್ತು. ಕ್ಷೇಮ ಎಂದರೆ ಹೋಗುವಂತಿಲ್ಲ.

ಹನ್ನೊಂದೂ ಐದಕ್ಕೆ ಮುಂಚೆ, ಕೈ ಜೋಮು ಹಿಡಿದಿದೆ ಎಂದು ಸುಳ್ಳು ಹೇಳಿ ಹಗ್ಗವನ್ನು ಶಾಂತಕ್ಕನಿಗೆ ಕೊಟ್ಟೆ. ಅವರು ಕೋಟ್ರೇಶನೊಡನೆ ಮಲ್ಲಿಗೆಯ ವಿಷಯ ಮಾತಾಡುತ್ತಲೇ ಒಮ್ಮೆ ಜಗ್ಗಿದರು. ಉತ್ತರ ಬಂದೊಡನೆ ಮಾತನ್ನು ಅರ್ಧಕ್ಕೇ ಬಿಟ್ಟರು. ಮುಖ ನನ್ನ ಕಡೆ ತಿರುಗಿತು.

"ಮಾಸ್ತರ್ರ, ಒಳಗ ಇರೋದು ಯಾರ್ರೀ?"

"ಖಾಜಾ."

"ಅಲ್ರಿ. ಇದು ಅಣ್ಣನ ಕೈ."

ಹಗ್ಗ ಅವರ ಕೈಯಿಂದ ಜಾರಿತು. ನಾನು ಅದನ್ನು ಹಿಡಿದು ಮೂರು ಸಲ ಜಗ್ಗಿದೆ. ಹೊರಗಿನಿಂದ ಮೂರು ಜಗ್ಗಿದರೆ, ಇದ್ದಲ್ಲಿಂದ ಹೊರಟು ಬಾ ಎಂಬ ಆಜ್ಞೆ. ಉತ್ತರವಾಗಿ ಮತ್ತೆ ಅದೇ: ಒಂದು ಚಿಕ್ಕದು, ಬಿಡುವು, ಒಂದು ಭಾರವಾದದ್ದು. ಕ್ಷೇಮ.

ಬಳಗದ ನಿಯಮವನ್ನು ನಾನು ಮುರಿದದ್ದು ಅದೇ ಮೊದಲು. ಐದು ನಿಮಿಷಕ್ಕೊಮ್ಮೆ ಜಗ್ಗುತ್ತಿರಿ ಎಂದು ಶಾಂತಕ್ಕನಿಗೆ ಹಗ್ಗ ಒಪ್ಪಿಸಿ, ನಾನು ಮುಂದೆ, ಕೋಟ್ರೇಶ ಹಿಂದೆ ತೆವಳಿದೆವು. ಅವನ ಅಂಗಿ ಬಂಡೆಗೆ ಸಿಕ್ಕಿ ಹರಿಯುವ ಸದ್ದು ಕೇಳುತ್ತಿತ್ತು, ಅವನು ನಿಲ್ಲಲಿಲ್ಲ. ಎರಡು ತಿರುವು, ಒಂದು ಇಳಿಜಾರು. ತೊಂಬತ್ತು ಅಡಿಯ ಹತ್ತಿರ ಸ್ವಲ್ಪ ಎತ್ತರದ ಜಾಗ ಸಿಕ್ಕಿತು. ಹಗ್ಗದ ತುದಿ ಅಲ್ಲಿತ್ತು. ತೊಡೆಗಾತ್ರದ, ಹೊರಚಾಚಿದ ಒಂದು ಕಲ್ಲಿಗೆ ಅದನ್ನು ಕಟ್ಟಲಾಗಿತ್ತು. ಗಂಟು ಖಾಜಾನದು, ಮೋಟಾರಿನ ತಂತಿ ಬಿಗಿದ ಹಾಗೆ ಗಟ್ಟಿ. ಧೂಳಿನಲ್ಲಿ ಒಬ್ಬನದೇ ಮೊಣಕಾಲಿನ ಗುರುತು ಮುಂದಕ್ಕೆ ಹೋಗಿತ್ತು.

ನಾವು ನೋಡುತ್ತಿದ್ದಂತೆ ಹಗ್ಗ ಒಮ್ಮೆ ಬಿಗಿಯಾಗಿ ಸಡಿಲಾಯಿತು. ಹೊರಗಿನಿಂದ ಶಾಂತಕ್ಕ ಜಗ್ಗಿದ್ದರು. ಕೋಟ್ರೇಶನ ಬ್ಯಾಟರಿಯೂ ನನ್ನದೂ ಅದರ ಮೇಲೇ ಇದ್ದವು. ಇಬ್ಬರೂ ನೋಡುತ್ತಲೇ ಇದ್ದೆವು. ಹಗ್ಗ ಮತ್ತೆ ಅಲುಗಲಿಲ್ಲ. ಅಲುಗಲಿಲ್ಲ ಎಂದು ನಾನು ಯಾವ ದೇವರ ಮುಂದೆ ಬೇಕಾದರೂ ಹೇಳುತ್ತೇನೆ. ಆ ಸಲವೂ ಉತ್ತರ ಬಂತೆಂದು ಶಾಂತಕ್ಕ ಆಮೇಲೆ ಹೇಳಿದರು.

ಅಷ್ಟರಲ್ಲಿ ಮುಂದಿನ ಕತ್ತಲಲ್ಲಿ ನರಳುವ ಸದ್ದು ಕೇಳಿತು. ಹದಿನೈದು ಅಡಿ ಆಚೆ ಒಂದು ತಗ್ಗಿನಲ್ಲಿ ಖಾಜಾ ಬಿದ್ದಿದ್ದ. ತೊಡೆಯ ಮೂಳೆ ಮುರಿದು, ಮಾಂಸ ಸೀಳಿ ರಕ್ತ ಹೋಗುತ್ತಿತ್ತು. ಕೋಟ್ರೇಶ ಕೆಳಗಿಳಿದು ತನ್ನ ಹರಿದ ಅಂಗಿಯಿಂದಲೇ ಬಿಗಿದು ಕಟ್ಟಿದ. ಹೊರಗೆ ತರಲು ಎರಡು ಗಂಟೆ ಹಿಡಿಯಿತು. ಇನ್ನೊಂದು ಅರ್ಧ ಗಂಟೆ ರಕ್ತ ಹೋಗಿದ್ದರೆ ಜೀವ ಉಳಿಯುತ್ತಿರಲಿಲ್ಲ ಎಂದು ಆಸ್ಪತ್ರೆಯ ಡಾಕ್ಟರು ಹೇಳಿದರು.

ನಡೆದದ್ದು ಇಷ್ಟೆಂದು ಖಾಜಾ ಆಸ್ಪತ್ರೆಯಲ್ಲಿ ಹೇಳಿದ. ಹಗ್ಗ ಇನ್ನು ಹತ್ತಡಿಗೆ ಮುಗಿಯುತ್ತದೆ, ಗವಿ ಮುಂದೆ ಇನ್ನೂ ಇದೆ, ಐದು ನಿಮಿಷದಲ್ಲಿ ನೋಡಿ ಬಂದು ಮತ್ತೆ ಕಟ್ಟಿಕೊಂಡರೆ ಯಾರಿಗೂ ತಿಳಿಯುವುದಿಲ್ಲ ಎಂದುಕೊಂಡು ಖಾಜಾ ಹತ್ತೂ ಮೂವತ್ತೈದರ ಸನ್ನೆ ಕೊಟ್ಟೊಡನೆ ಹಗ್ಗ ಬಿಚ್ಚಿ ಕಲ್ಲಿಗೆ ಕಟ್ಟಿದ್ದ. ಎರಡು ನಿಮಿಷದೊಳಗೆ ಬಿದ್ದಿದ್ದ. ಹಗ್ಗ ಸುಮ್ಮನಿದ್ದಿದ್ದರೆ ನಾವು ಹತ್ತೂ ನಲವತ್ತಕ್ಕೇ ಒಳಗೆ ಹೊರಡುತ್ತಿದ್ದೆವು. 'ಕ್ಷೇಮ' ಎಂಬ ಆ ಸನ್ನೆ ಒಬ್ಬ ಮನುಷ್ಯನ ರಕ್ತ ಹರಿಯುತ್ತಿರುವಾಗ ನಮ್ಮನ್ನು ಇಪ್ಪತ್ತೈದು ನಿಮಿಷ ಹೊರಗೆ ಕೂರಿಸಿತ್ತು.

ಆ ತಿಂಗಳ ಸುದ್ದಿಹಾಳೆಯಲ್ಲಿ ನಾನು ಬರೆದದ್ದು ಮೂರೇ ಸಾಲು: ಖಾಜಾಗೆ ಪೆಟ್ಟಾಗಿದೆ, ಚೇತರಿಸಿಕೊಳ್ಳುತ್ತಿದ್ದಾನೆ, ಯಾರೂ ಹಗ್ಗ ಬಿಚ್ಚಬಾರದು. ಒಂದು ತಿಂಗಳ ಮೇಲೆ ಅದೇ ಗವಿಗೆ ಅದೇ ಹಗ್ಗ ಒಯ್ದು, ಅದೇ ಕಲ್ಲಿಗೆ ಕಟ್ಟಿ, ಬಾಯಲ್ಲಿ ಕೂತು ಒಂದು ಗಂಟೆ ಜಗ್ಗಿ ನೋಡಿದೆ. ಬಿಗಿದ ಹಗ್ಗ ತಾನಾಗಿ ಹಿಂದಕ್ಕೆ ಎಳೆದೀತೇನೋ ಎಂಬ ಆಸೆ. ಕಲ್ಲಿಗೆ ಕಟ್ಟಿದ ಹಗ್ಗ ಕಲ್ಲಿನಂತೆಯೇ ಇತ್ತು. ನಿನ್ನ ಕೈಯ ನಾಡಿಯೇ ಹಾಗೆ ಅನ್ನಿಸಿರಬೇಕು ಎಂದವರಿದ್ದಾರೆ. ಶಾಂತಕ್ಕನ ನಾಡಿಗೂ ಹಾಗೇ ಅನ್ನಿಸಿತೇ ಎಂದು ಕೇಳಿದರೆ ಮಾತು ಬೇರೆ ಕಡೆ ತಿರುಗಿಸುತ್ತಾರೆ.

ಖಾಜಾನಿಗೆ ಹಗ್ಗದ ಈ ವಿಷಯ ಬಹಳ ದಿನ ಯಾರೂ ಹೇಳಿರಲಿಲ್ಲ. ನಾನೇ ಹೇಳಬೇಕೆಂದು ಅವನ ಅಂಗಡಿಗೆ ಹೋದೆ. ಅವನು ಕುರ್ಚಿಯಲ್ಲಿ ಕೂತು, ಮುರಿದ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ತಂತಿ ಸುತ್ತುತ್ತಿದ್ದ. ಟಿಪ್ಪಣಿ ಪುಸ್ತಕ ತೆಗೆದು ಹೊತ್ತುಗಳನ್ನು ಒಂದೊಂದಾಗಿ ಓದಿದೆ. ಹಗ್ಗ ಹೇಗೆ ಜಗ್ಗಿತೆಂದು ಅವನ ಅಂಗೈ ಹಿಡಿದು ತೋರಿಸಿದೆ. ಅವನು ತಂತಿ ಬಿಟ್ಟುಬಿಟ್ಟ. ಅಂಗಡಿಯ ಬಾಗಿಲ ಕಡೆ ಒಮ್ಮೆ ನೋಡಿ ಹೇಳಿದ.

"ಒಂದು ಮಾತು ಯಾರಿಗೂ ಹೇಳಿಲ್ಲರಿ ಮಾಸ್ತರ್ರ. ಅಣ್ಣ ತೀರ್ಕೊಳ್ಳಾಕ ಎಂಟು ದಿನ ಮುಂಚೆ ನನ್ನನ್ನ ತನ್ನ ಮನಿಗೆ ಕರೆಸಿದ್ದ. ಹಿಂದ ಬ್ಯಾರೆ ಒಂದು ಗವಿಯಾಗ ನಾ ಹಗ್ಗ ಬಿಚ್ಚಿದ್ದು ಅವ್ನಿಗೆ ಹೆಂಗೋ ಗೊತ್ತಾಗಿತ್ತು. ಬೈಲಿಲ್ಲ. ಮೆಲ್ಲಕ ಅಂದ, ಲೇ ಖಾಜಾ, ಇನ್ನೊಮ್ಮೆ ಬಿಚ್ಚಿದಿ ಅಂದ್ರ ನಿನ್ನ ಕರ್ಕೊಂಡು ಬರಾಕ ನಾ ಯಾರನ್ನೂ ಕಳಿಸಂಗಿಲ್ಲ ನೋಡು ಅಂತ." ಸ್ಟೂಲಿನ ಮೇಲಿನ ಕಾಲನ್ನು ನೋಡುತ್ತ ಕೇಳಿದ: "ಈಗ ನೀವ ಹೇಳ್ರಿ. ಅಣ್ಣ ನನ್ನ ಉಳಿಸಾಕ ಬಂದಿದ್ನೋ, ನಿಮ್ಮನ್ನ ತಡಿಯಾಕ ಬಂದಿದ್ನೋ?"

ನಾನು ಪುಸ್ತಕ ಮುಚ್ಚಿ ಎದ್ದು ಬಂದೆ. ಬಸ್ಸಿನಲ್ಲಿ ಹರಪನಹಳ್ಳಿ ಮುಟ್ಟುವವರೆಗೂ ಅದೇ ಲೆಕ್ಕ ಹಾಕಿದೆ, ಈಗಲೂ ಹಾಕುತ್ತೇನೆ. ನಮ್ಮನ್ನು ತಡೆಯಲೇಬೇಕಿದ್ದರೆ ಆ ಕೈ ಖಾಜಾನ ಹಾಗೆ ಬೇಗ ಬೇಗ ಎರಡು ಸಲ ಜಗ್ಗಬಹುದಿತ್ತು. ನಾವು ಮಧ್ಯಾಹ್ನದವರೆಗೂ ನಿಶ್ಚಿಂತೆಯಿಂದ ಕೂತಿರುತ್ತಿದ್ದೆವು, ಖಾಜಾ ಸತ್ತಿರುತ್ತಿದ್ದ. ಉಳಿಸಲೇಬೇಕಿದ್ದರೆ ಮೂರು ಸಲ ಜಗ್ಗಬಹುದಿತ್ತು, ನಾವು ಹತ್ತೂ ನಲವತ್ತಕ್ಕೇ ಹೋಗುತ್ತಿದ್ದೆವು. ಅದು ಎರಡನ್ನೂ ಮಾಡಲಿಲ್ಲ. ಕ್ಷೇಮ ಎಂದಿತು, ಆದರೆ ತನ್ನ ಗುರುತು ಮುಚ್ಚಿಡಲಿಲ್ಲ.

ಖಾಜಾ ಈಗಲೂ ಕುಂಟುತ್ತ ಸಭೆಗಳಿಗೆ ಬರುತ್ತಾನೆ, ಕೋಟ್ರೇಶನನ್ನು ಛೇಡಿಸುತ್ತಾನೆ, ನಗುತ್ತಾನೆ. ಸಭೆ ಮುಗಿದು ಎಲ್ಲರೂ ಏಳುವಾಗ ಒಂದು ಗಳಿಗೆ ನನ್ನ ಮುಖ ನೋಡುತ್ತಾನೆ. ನಾನು ತಲೆಯಾಡಿಸುತ್ತೇನೆ, ಇನ್ನೂ ತಿಳಿದಿಲ್ಲ ಎಂದು. ಆಮೇಲೆ ಅವನು ಚಪ್ಪಲಿ ಹಾಕಿಕೊಂಡು ಹೊರಡುತ್ತಾನೆ.