ಅಡುಗೆಮನೆ ಗೋಡೆಯ ಕಿಂಡಿ

ಆಸ್ಪತ್ರೆಯವರೆಲ್ಲ ಅವನನ್ನು ಸೌಟಪ್ಪ ಎಂದೇ ಕರೆಯುತ್ತಿದ್ದರು. ಹೆತ್ತವರಿಟ್ಟ ಹೆಸರು ಸಂಬಳದ ಚೀಟಿಗಷ್ಟೇ ಮೀಸಲು. ಪ್ರಾಯವನ್ನೆಲ್ಲ ಅವನು ಅಲ್ಲಿನ ನೆಲಮಾಳಿಗೆಯಲ್ಲಿ ಅಡುಗೆ ಮಾಡಿ ಕಳೆದ. ಬೇಯಿಸಿದ್ದು ಗಾಡಿಯಲ್ಲಿ ಲಿಫ್ಟ್ ಹತ್ತಿ ಮೇಲೆ ಹೋಗುತ್ತಿತ್ತು, ಎಂಜಲು ತಟ್ಟೆ ಕೆಳಗೆ ಬರುತ್ತಿತ್ತು. ನಡುವೆ ಯಾರು ಬಾಯಿ ಚಪ್ಪರಿಸಿದರು, ಯಾರು ಮುಖ ಸಿಂಡರಿಸಿದರು, ಅವನಿಗೆ ಗೊತ್ತಿಲ್ಲ. ಅಷ್ಟು ಜನರ ಹೊಟ್ಟೆ ತುಂಬಿಸಿದವನು ಒಬ್ಬರು ಉಣ್ಣುವುದನ್ನೂ ಕಣ್ಣಾರೆ ಕಂಡಿರಲಿಲ್ಲ ಎಂದರೆ ನಂಬುತ್ತೀರಾ?

ಕಂಡದ್ದು ಹೆಂಡತಿಯನ್ನು ಮಾತ್ರ. ಮನೆಯಲ್ಲಿ ಅವನು ಬಡಿಸಿದ್ದನ್ನು ಒಂದು ತುತ್ತು ಬಾಯಿಗಿಟ್ಟು, "ಉಪ್ಪು ಕಡ್ಮೆ ಆಯ್ತು ಕಣ್ರೀ, ನಾನೇನು ರೋಗೀನಾ?" ಎನ್ನುತ್ತಿದ್ದಳು. ರೋಗಿಗಳಿಗೆ ಹಾಕಿ ಹಾಕಿ ಅವನ ಕೈಗೆ ಆ ಅಳತೆಯೇ ಅಂಟಿಬಿಟ್ಟಿತ್ತು. ಗೊಣಗುತ್ತಾ ಎದ್ದು ಉಪ್ಪಿನ ಡಬ್ಬಿ ತರುತ್ತಿದ್ದ. ಅವಳು ತೀರಿಕೊಂಡ ಮೇಲೆ ಆ ಡಬ್ಬಿ ತೆಗೆಯುವ ಪ್ರಸಂಗವೇ ಬರಲಿಲ್ಲ. ಹಾಕಿಕೊಂಡಷ್ಟು ಉಂಡು, ತಟ್ಟೆ ತೊಳೆದಿಟ್ಟು, ಗೋಡೆ ನೋಡುತ್ತಾ ಕೂರುತ್ತಿದ್ದ. ಮಾತು ಹಾಗಿರಲಿ, ಒಂದು ತಕರಾರಿಗೂ ಗತಿಯಿಲ್ಲದ ಮನೆ ಅದು.

ನಿವೃತ್ತಿಯಾದವನು ಒಂದು ಮಳಿಗೆ ಹಿಡಿದು ಹೋಟೆಲು ಇಡುತ್ತೇನೆಂದು ಹೊರಟಾಗ, ಈ ವಯಸ್ಸಿನಲ್ಲಿ ಇದೆಲ್ಲ ಬೇಕಾ ಎಂದು ಭಾಮೈದ ರಾಗ ಎಳೆದ. ಸೌಟಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ. ಅವನಿಗೆ ಬೇಕಾಗಿದ್ದು ಒಂದೇ, ಜನ ಉಣ್ಣುವುದನ್ನು ನೋಡಬೇಕು. ಅದಕ್ಕೇ ಮೊದಲು ಒಲೆಯ ಮುಂದಿನ ಗೋಡೆ ಒಡೆಸಿ, ಮೇಜುಗಳು ಕಾಣುವಂತೆ ಅಗಲವಾದ ಕಿಂಡಿ ಮಾಡಿಸಿದ. ಪರವಾನಗಿಯ ಚಿಂತೆ ಆಮೇಲೆ ಬಂತು.

ಶುರುವಾಯಿತು ನೋಡಿ ಅಲೆದಾಟ. ಅಗ್ನಿಶಾಮಕದವರು ಹಿಂಬಾಗಿಲು ಕೇಳಿದರು, ಇಡಿಸಿದ. ಅಡುಗೆಯವನಿಗೆ ಕಾಯಿಲೆಯಿಲ್ಲವೆಂದು ಡಾಕ್ಟರ ಸರ್ಟಿಫಿಕೇಟು ಬೇಕೆಂದರು. ಅದೇ ಆಸ್ಪತ್ರೆಗೆ ಹೋಗಿ ಸಾಲಿನಲ್ಲಿ ನಿಂತ. ಮೇಲಿನ ಮಹಡಿಯವರಿಗೆ ಅವನ ಹೆಸರು ಗೊತ್ತಿತ್ತೇ ಹೊರತು ಮುಖ ಗೊತ್ತಿರಲಿಲ್ಲ, ಯಾರೂ ಗುರುತು ಹಿಡಿಯಲಿಲ್ಲ. ಪುರಸಭೆಯಲ್ಲಿ ಈ ಮೇಜಿನಿಂದ ಆ ಮೇಜಿಗೆ ತಿರುಗಿ ಚಪ್ಪಲಿ ಸವೆಸಿದ. ಕೊನೆಗೆ ಆರೋಗ್ಯ ಇಲಾಖೆಯ ಇನ್‌ಸ್ಪೆಕ್ಟರಮ್ಮ ಬಂದರು. ನೀರು, ಮೋರಿ, ಕಸದ ಬುಟ್ಟಿಯ ಮುಚ್ಚಳ, ಎಲ್ಲ ಸರಿ. ಕಿಂಡಿಯ ಮುಂದೆ ಮಾತ್ರ ನಿಂತುಬಿಟ್ಟರು. ಹೊರಗಿನ ಧೂಳು, ಕೆಮ್ಮು, ಸೀನು ಎಲ್ಲ ಪಾತ್ರೆಗೇ ಬೀಳುತ್ತದೆ, ಇದನ್ನು ಮುಚ್ಚದೆ ಸಹಿ ಹಾಕುವುದಿಲ್ಲ ಎಂದರು.

"ಮುಚ್ಚೋದಾದ್ರೆ ನಂಗೆ ಹೋಟ್ಲೇ ಬೇಡಮ್ಮ," ಎಂದ ಸೌಟಪ್ಪ. "ಮತ್ತೆ ನೆಲಮಾಳಿಗೆ ಆಗ್ಬಿಡುತ್ತೆ."

ಆಕೆಗೆ ಅರ್ಥವಾಗಲಿಲ್ಲ. ಅವನು ಬಿಡಿಸಿ ಹೇಳಿದ. ಆಕೆ ಕಿಂಡಿಯ ಅಂಚು ಮುಟ್ಟಿ ನೋಡಿ, ತೆರೆಯಲು ಬಾರದಂಥ ಗಾಜು ಕೂರಿಸಿದರೆ ನಿಯಮ ಅಡ್ಡ ಬರುವುದಿಲ್ಲ ಎಂದರು. ಗಾಜು ಕೂತಿತು, ಪರವಾನಗಿಯೂ ಬಂತು. ಆ ಪತ್ರಕ್ಕೆ ಚೌಕಟ್ಟು ಹಾಕಿಸಿ, ಮೊಳೆ ಹೊಡೆದು, ಗೋಡೆಗೆ ತಗುಲಿಸಿದ. ಸೊಟ್ಟಗಿದೆಯಾ ನೆಟ್ಟಗಿದೆಯಾ ಎಂದು ಕೇಳಲು ಪಕ್ಕದಲ್ಲಿ ಯಾರೂ ಇರಲಿಲ್ಲ.

ಬಾಗಿಲು ತೆರೆದ ದಿನ ಮಧ್ಯಾಹ್ನ ಬಂದದ್ದು ಒಬ್ಬನೇ ಗಿರಾಕಿ, ಹೆಗಲಿಗೆ ಚೀಲ ಹಾಕಿದ ಅಂಚೆಯವನು. ಸೌಟಪ್ಪ ತಟ್ಟೆ ಇಟ್ಟವನೇ ಓಡಿಹೋಗಿ ಗಾಜಿನ ಹಿಂದೆ ನಿಂತ. ಹಬೆಗೆ ಗಾಜೆಲ್ಲ ಮಸುಕಾಗಿತ್ತು. ಬಟ್ಟೆಯಿಂದ ಒರೆಸಿ ಕಣ್ಣಿಟ್ಟ. ತುತ್ತೆತ್ತಿದ್ದ ಅಂಚೆಯವನು ತಲೆಯೆತ್ತಿದರೆ ಗಾಜಿಗೆ ಅಂಟಿಕೊಂಡ ಒಂದು ಮುಖ! ಮುಜುಗರವಾಗಿ, ಕುರ್ಚಿ ತಿರುಗಿಸಿ ಬೆನ್ನು ಹಾಕಿ ಕೂತ.

ಅವನದೇನೂ ತಪ್ಪಿಲ್ಲ, ಯಾರಾದರೂ ಹಾಗೇ ಮಾಡುತ್ತಿದ್ದರು. ಆದರೂ ಸೌಟಪ್ಪನಿಗೆ ತುಂಬ ಬೇಜಾರಾಯಿತು. ಹೆಂಡತಿ ಹೋದ ದಿನಕ್ಕಿಂತಲೂ ಒಂಟಿ ಎನಿಸಿತು. ಇಷ್ಟೆಲ್ಲ ಒದ್ದಾಡಿ ಕಂಡದ್ದು ಒಂದು ಅಂಗಿಯ ಬೆನ್ನು. ಒಲೆಯ ಕಡೆ ತಿರುಗಿಕೊಂಡ.

ಅಷ್ಟರಲ್ಲಿ ಹೊರಗಿನಿಂದ ಕರೆ ಬಂತು. ಅನ್ನಕ್ಕಿರಬೇಕೆಂದು ಪಾತ್ರೆ ಹಿಡಿದು ಹೋದ. ಅಂಚೆಯವನು ಸಂಕೋಚದಿಂದ ಅವನ ಮುಖ ನೋಡಿದ.

"ತಪ್ಪು ತಿಳ್ಕೋಬೇಡಿ ಯಜಮಾನ್ರೇ. ಉಪ್ಪು ಕಡ್ಮೆ ಆಯ್ತು."

ಸೌಟಪ್ಪ ಅನ್ನದ ಪಾತ್ರೆಯನ್ನು ಮೇಜಿನ ಮೇಲಿಟ್ಟ. ಆಮೇಲೆ, ಹಳೆಯ ಅಭ್ಯಾಸದಂತೆ ಗೊಣಗುತ್ತಾ, ಉಪ್ಪಿನ ಡಬ್ಬಿ ತರಲು ಒಳಗೆ ಹೋದ. ಕೈಗೆಟುಕುವಲ್ಲೇ ಇದ್ದ ಡಬ್ಬಿ ಹಿಡಿದು ಹೊರಗೆ ಬರಲು ಅವನಿಗೆ ತುಸು ಹೊತ್ತೇ ಹಿಡಿಯಿತು.