ವೆಲಿಚ್ಕಾಳ ಕಿವಿಗೆ ಹೊಕ್ಕ ಗುಂಯ್

ಗಣಿ ಊರಾದ ಪೆರ್ನಿಕ್‌ನ ರೈಲು ನಿಲ್ದಾಣದಲ್ಲಿ ಮೂವತ್ತೊಂದು ವರ್ಷ ಗಾಡಿಗಳು ಬರುವ ಹೋಗುವ ಹೊತ್ತನ್ನು ಮೈಕಿನಲ್ಲಿ ಕೂಗಿದವಳು ವೆಲಿಚ್ಕಾ. ಅವಳ ದನಿ ಕೇಳಿ ಗಡಿಯಾರದ ಮುಳ್ಳು ಸರಿಮಾಡಿಕೊಂಡ ಗಣಿ ಕೆಲಸದವರು ಊರಲ್ಲಿ ಇನ್ನೂ ಇದ್ದಾರೆ. ಈಗ ಅವಳ ಎರಡು ಮಂಡಿಯೂ ಹೋಗಿವೆ. ಮನೆ ಆರನೇ ಮಹಡಿಯಲ್ಲಿ, ಲಿಫ್ಟು ಕೆಟ್ಟು ಎರಡು ವರ್ಷ. ಕೆಳಗಿನ ಮಹಡಿಗಳವರು ರಿಪೇರಿ ಕಾಗದಕ್ಕೆ ಸಹಿ ಹಾಕುವುದಿಲ್ಲ, ಅವರಿಗೇಕೆ ಲಿಫ್ಟು? ಬ್ರೆಡ್ಡು, ಮೊಸರು, ಮಾತ್ರೆ ಎಲ್ಲ ಬಾಲ್ಕನಿಯಿಂದ ಇಳಿಬಿಟ್ಟ ಬುಟ್ಟಿಯಲ್ಲಿ ಮೇಲೇರುತ್ತವೆ. ಅವಳಿಂದ ಹೊರಗೆ ಹೋಗುವುದು ದನಿ ಒಂದೇ.

ಅಂಧರ ವಾಚನಾಲಯಕ್ಕಾಗಿ ಅವಳು ಪುಸ್ತಕ ಓದುತ್ತಾಳೆ. ತೀರಿಹೋದ ಗಂಡನ ಹಳೆಯ ಕಂಪ್ಯೂಟರಿನ ಮುಂದೆ ಕೂತು, ಕಿವಿಗೆ ಹೆಡ್‌ಫೋನ್ ಏರಿಸಿ, ಒಂದೊಂದೇ ಅಧ್ಯಾಯ ರೆಕಾರ್ಡ್ ಮಾಡಿ ಕಳಿಸುತ್ತಾಳೆ. ಬೆಳಿಗ್ಗೆ ಎದ್ದು ತಲೆ ಬಾಚಿಕೊಳ್ಳಲು ಅವಳಿಗೆ ಉಳಿದಿದ್ದ ಕಾರಣ ಅದೊಂದೇ.

ಅಕ್ಟೋಬರಿನ ಒಂದು ಸೋಮವಾರ ಹೆಡ್‌ಫೋನ್ ಹಾಕಿದ ಕೂಡಲೇ ಗುಂಯ್ ಎಂದಿತು. ಡಬ್ಬಿಯೊಳಗೆ ಜೀರುಂಡೆ ಸಿಕ್ಕಿಬಿದ್ದ ಹಾಗೆ. ಓದಿದ್ದನ್ನು ಮತ್ತೆ ಕೇಳಿದರೆ ಅವಳ ದನಿಯ ಕೆಳಗೂ ಅದೇ ಗುಂಯ್. ಎರಡು ವಾರ ಹಾಗೇ ಕಳಿಸಿ ನೋಡಿದಳು. ವಾಚನಾಲಯದ ಇಸ್ಕ್ರಾ ಫೋನ್ ಮಾಡಿದಳು.

"ವೆಲಿಚ್ಕಮ್ಮಾ, ನಾವು ಪುಸ್ತಕ ಕೇಳ್ತಿದ್ದೀವೋ ಜೇನುಗೂಡು ಕೇಳ್ತಿದ್ದೀವೋ ಗೊತ್ತಾಗ್ತಿಲ್ಲ. ಶುಕ್ರವಾರದೊಳಗೆ ಸರಿಹೋಗ್ಲಿಲ್ಲ ಅಂದ್ರೆ ಬೇರೆಯವರಿಗೆ ಕೊಡ್ಬೇಕಾಗತ್ತೆ. ಬೇಜಾರ್ ಮಾಡ್ಕೋಬೇಡಿ."

"ಬೇಜಾರೇನು ಬಂತು," ಎಂದು ಫೋನಿಟ್ಟಳು.

ಆಮೇಲೆ ಪಕ್ಕದ ಕಟ್ಟಡದ ಸ್ಪಾಸಣ್ಣನಿಗೆ ಫೋನ್ ಹಚ್ಚಿದಳು. ಅವನು ಗಣಿಯಲ್ಲಿ ವಿದ್ಯುತ್ ಕೆಲಸ ಮಾಡಿ ನಿವೃತ್ತನಾದವನು.

"ಫ್ರಿಜ್ ಆರಿಸು," ಎಂದ. ಆರಿಸಿದಳು, ಗುಂಯ್ ಹೋಗಲಿಲ್ಲ. "ಮೊಬೈಲನ್ನ ಸ್ಪೀಕರಿಗೆ ಹಾಕಿ ದೂರ ಇಡು." ಇಟ್ಟಳು. "ಹೆಡ್‌ಫೋನಿನ ಪಿನ್ ಕಿತ್ತು ಒರೆಸಿ ಹಾಕು. ಗೋಡೆ ಪ್ಲಗ್ಗು ಬುಡಮೇಲು ತಿರುಗಿಸಿ ಚುಚ್ಚು." ಅದೂ ಆಯಿತು. ಬೇರೆ ಹೆಡ್‌ಫೋನ್ ಹಾಕಿದಳು, ಸ್ಪೀಕರ್ ಹಚ್ಚಿದಳು. ಎಲ್ಲದರಲ್ಲೂ ಅದೇ ರಾಗ. ಕೊನೆಗೆ ಕಂಪ್ಯೂಟರಿನ ತಗಡಿನ ಮೇಲೆ ಅಂಗೈ ಇಟ್ಟಾಗ ಗುಂಯ್ ತುಸು ತಗ್ಗಿತು, ಬೆರಳಿಗೆ ಇರುವೆ ಹರಿದಂತಾಯಿತು. ಅದನ್ನೂ ಹೇಳಿದಳು.

"ಕೈ ತೆಗಿಯೇ ಮಾರಾಯ್ತಿ! ನಾನೇ ಬರ್ತೀನಿ."

ಮೂರು ಕಡೆ ಕೂತು ಸುಧಾರಿಸಿಕೊಂಡು ಸ್ಪಾಸಣ್ಣ ಆರು ಮಹಡಿ ಹತ್ತಿ ಬಂದ. ಬಾಗಿಲಲ್ಲೇ ಟೋಪಿ ತೆಗೆದು ಬೀಸಿಕೊಂಡ. "ಗಣಿಗೆ ಇಳಿಯೋದೇ ವಾಸಿಯಾಗಿತ್ತು, ನಿನ್ನ ಮನೆಗೆ ಹತ್ತೋದಕ್ಕಿಂತ."

"ನಿನಗೆ ಇಳಿಯೋಕಾದ್ರೂ ಆಗತ್ತೆ. ನಾನು ಅದೂ ಇಲ್ದೆ ಕೂತಿದೀನಿ."

ಕಂಪ್ಯೂಟರಿನ ಹಿಂದೆ ಬಗ್ಗಿ ನೋಡಿದವನು ಒಂದು ತಂತಿ ಎಳೆದು ತೋರಿಸಿದ. ಅದು ಮೇಜಿನ ಕೆಳಗಿಂದ ಹೋಗಿ, ಮನೆ ಬಿಸಿಮಾಡುವ ರೇಡಿಯೇಟರಿನ ಕಬ್ಬಿಣದ ಕೊಳವೆಗೆ ಸುತ್ತಿಕೊಂಡಿತ್ತು.

"ಇದ್ಯಾರ ಕೆಲಸ?"

"ನಮ್ಮ ಯಜಮಾನರದು. ಈ ಕಟ್ಟಡದಲ್ಲಿ ಯಾರ ಮನೇಲೂ ಕರೆಂಟು ನೆಲಕ್ಕಿಳಿಸೋ ಅರ್ತ್ ತಂತಿ ಇಲ್ಲ, ಎಲ್ಲರೂ ಹೀಗೇ ಕಟ್ಕೊಂಡಿರೋದು. ಕೊಳವೆ ನೆಲಕ್ಕೆ ಹೋಗತ್ತಲ್ಲ?"

"ಹೋಗ್ತಿತ್ತು." ಅವನು ತಾನು ತಂದಿದ್ದ ಕರೆಂಟು ಅಳೆಯುವ ಮೀಟರಿನ ಕಡ್ಡಿ ಕೊಳವೆಗೆ ಮುಟ್ಟಿಸಿ ತಲೆಯಾಡಿಸಿದ. "ಈಗ ಎಲ್ಲಿಗೂ ಹೋಗ್ತಿಲ್ಲ. ನಿನ್ನ ಹಾಗೆ ಇದೂ ಮೇಲೇ ನಿಂತಿದೆ. ಕೆಳಗೆ ದೋಚ್ಕಾ ಮನೆ ರಿಪೇರಿ ಮಾಡಿಸಿದ್ಳಲ್ಲ, ಕಬ್ಬಿಣ ಕೊಯ್ದು ಪ್ಲಾಸ್ಟಿಕ್ ಕೊಳವೆ ಹಾಕಿಸಿರ್ಬೇಕು."

ಐದನೇ ಮಹಡಿಯ ದೋಚ್ಕಾಳೂ ವೆಲಿಚ್ಕಾಳೂ ಇಪ್ಪತ್ತಾರು ವರ್ಷ ಆ ಕೊಳವೆಯಲ್ಲೇ ಮಾತಾಡಿದವರು. ಚಮಚದಿಂದ ಎರಡು ಏಟು ಬಡಿದರೆ ಕಾಫಿ, ಮೂರು ಏಟಿಗೆ ಓಡಿ ಬಾ. ಎರಡು ವಾರದಿಂದ ವೆಲಿಚ್ಕಾ ಎಷ್ಟು ಬಡಿದರೂ ಕೆಳಗಿನಿಂದ ಉತ್ತರವಿಲ್ಲ. ಹೊಸ ಟೈಲ್ಸಿನ ಫೋಟೋ ನೋಡಿ ಆಸ್ಪತ್ರೆ ಇದ್ದ ಹಾಗಿದೆ ಅಂತ ತಾನು ಅಂದಿದ್ದಕ್ಕೆ ದೋಚ್ಕಾ ಮುನಿಸಿಕೊಂಡಳು ಅಂತಲೇ ತಿಳಿದು, ಹಟಕ್ಕೆ ಬಿದ್ದು ಫೋನನ್ನೂ ಮಾಡಿರಲಿಲ್ಲ. ಗುಂಯ್ ಶುರುವಾದದ್ದೂ ಉತ್ತರ ನಿಂತ ಅದೇ ಸೋಮವಾರ.

ಸ್ಪಾಸಣ್ಣ ಮೆಟ್ಟಿಲಿನಲ್ಲಿ ನಿಂತು ಕೂಗಿದ. ದೋಚ್ಕಾ ಏಪ್ರನ್ನಿನಲ್ಲೇ ಬಂದು ವಿಷಯ ಕೇಳಿದಳು.

"ಬಡಿದ್ಯಾ? ನೀನು? ನಾನೂ ಬಡಿದೆ ಕಣೇ! ಟೈಲ್ಸ್ ಕಂಡು ಹೊಟ್ಟೆಕಿಚ್ಚು ಬಂತು ಇವಳಿಗೆ ಅಂದ್ಕೊಂಡೆ."

"ಆಸ್ಪತ್ರೆ ಕಂಡು ಯಾರಿಗೇ ಹೊಟ್ಟೆಕಿಚ್ಚು?"

ಇಬ್ಬರೂ ನಕ್ಕು ಕಣ್ಣೊರೆಸಿಕೊಂಡರು. ಆದರೆ ಕೊಳವೆ ಮತ್ತೆ ಕಬ್ಬಿಣವಾಗುವಂತಿರಲಿಲ್ಲ. ಸ್ಪಾಸಣ್ಣ ತಂತಿಯನ್ನೂ ಕತ್ತರಿಸಿ ಜೇಬಿಗಿಟ್ಟ. "ಒಂದಿನ ಯಾರಾದ್ರೂ ರೇಡಿಯೇಟರ್ ಮುಟ್ಟಿ ಸತ್ತಾರು. ಈ ಪೆಟ್ಟಿಗೆ ಇನ್ನು ಗುಂಯ್ ಅನ್ನೋದೇ. ಗೋಡೆ ಕರೆಂಟು ಬಿಟ್ಟು ಬ್ಯಾಟರಿ ಮೇಲೆ ಓಡೋ ಯಂತ್ರ ಬೇಕು."

ದೋಚ್ಕಾ ತನ್ನ ಮೊಮ್ಮಗಳು ಬಿಟ್ಟುಹೋದ ಲ್ಯಾಪ್‌ಟಾಪ್ ತಂದುಕೊಟ್ಟಳು. ಚಾರ್ಜರ್ ಚುಚ್ಚಿದ್ದರೆ ಅದರಲ್ಲೂ ಗುಂಯ್. ಕಿತ್ತರೆ ಹಿಮ ಬಿದ್ದ ಬೆಳಗಿನ ಹಾಗೆ ನಿಶ್ಶಬ್ದ. ಆದರೆ ಬ್ಯಾಟರಿ ಹಳೆಯದು. ಐವತ್ತು ನಿಮಿಷ ಓದಿದರೆ ಮೂರು ಗಂಟೆ ಚಾರ್ಜಿಗೆ ಕಾಯಬೇಕು.

ಶುಕ್ರವಾರ ಕಳಿಸಿದ ಅಧ್ಯಾಯ ಕೇಳಿ ಇಸ್ಕ್ರಾ ಹೇಳಿದಳು, "ಸ್ವಚ್ಛ ಇದೆ ವೆಲಿಚ್ಕಮ್ಮಾ. ನಿಮ್ಮ ಉಸಿರೂ ಕೇಳ್ತಿದೆ. ಫ್ರಿಜ್ಜಿನ ಸದ್ದೂ ಕೇಳ್ತಿದೆ, ಕರೆಗಂಟೇನೂ ಒಂದ್ಸಲ ಹೊಡ್ಕೊಂಡಿದೆ, ಅಷ್ಟು ನೋಡ್ಕೊಳ್ಳಿ. ಮುಂದಿನ ಪುಸ್ತಕ ಕಳಿಸ್ಲಾ? ಆರ್ನೂರ ನಲವತ್ತು ಪುಟ."

"ಕಳಿಸಿ," ಎಂದಳು. ತಡಮಾಡಲಿಲ್ಲ.

ಮರುದಿನದಿಂದ ಓದುವ ಮೊದಲು ಫ್ರಿಜ್ ಆರಿಸಿದಳು, ಕಿಟಕಿ ಮುಚ್ಚಿದಳು, ಫೋನನ್ನು ದಿಂಬಿನ ಕೆಳಗಿಟ್ಟಳು. ಕರೆಗಂಟೆಯ ತಂತಿಯನ್ನೂ ಕಿತ್ತಳು.

ಬುಧವಾರ ಓದುತ್ತಿರುವಾಗ ಬಾಗಿಲ ಕೆಳಗಿನ ಬೆಳಕಿನ ಗೆರೆಯಲ್ಲಿ ಎರಡು ಕಾಲುಗಳ ನೆರಳು ಬಂದು ನಿಂತಿತು. ದೋಚ್ಕಾ. ಕಾಫಿ ತಂದಿರಬೇಕು, ಮೂಕ ಗಂಟೆಯನ್ನು ಒತ್ತುತ್ತಿರಬೇಕು. ಬ್ಯಾಟರಿಯಲ್ಲಿ ಉಳಿದಿದ್ದು ಒಂಬತ್ತು ನಿಮಿಷ, ಅಧ್ಯಾಯದಲ್ಲಿ ಉಳಿದಿದ್ದು ಮೂರು ಪುಟ. ಎದ್ದರೆ ಕುರ್ಚಿ ಕಿರುಗುಟ್ಟುತ್ತದೆ.

ವೆಲಿಚ್ಕಾ ನೆರಳಿನಿಂದ ಕಣ್ಣು ತೆಗೆದು, ಬೆರಳನ್ನು ಸಾಲಿನ ಕೆಳಗಿಟ್ಟುಕೊಂಡು, ದನಿ ಸ್ವಲ್ಪವೂ ಅಲುಗದಂತೆ ಓದು ಮುಂದುವರಿಸಿದಳು.